ಫಿಕ್ರಿಯ ಸರಕಾರಿ ಸೊಂಟ

ಫಿಕ್ರಿಯ ಸೊಂಟ ಹಿಡಿದದ್ದು ಭಾರ ಎತ್ತುವಾಗ ಅಲ್ಲ, ಮೆಟ್ಟಿಲು ಜಾರಿ ಬಿದ್ದಾಗಲೂ ಅಲ್ಲ. ಕಾಲುಚೀಲ ಹಾಕಿಕೊಳ್ಳುವಾಗ. ಬಲಗಾಲಿನದು ಸುಸೂತ್ರವಾಗಿ ಏರಿತ್ತು. ಎಡಗಾಲಿನ ಹೆಬ್ಬೆರಳು ಚೀಲದ ಬಾಯಿಗೆ ತಾಗಬೇಕು, ಅಷ್ಟರಲ್ಲಿ ಕೆಳಗಿನ ಬದವಿ ಮೇಸ್ತ್ರಿಯ ಕಾರ್ಖಾನೆಯಿಂದ ಮರದ ಪುಡಿ ತೇಲಿಬಂದು ಮೂಗಿನೊಳಗೆ ಹೊಕ್ಕಿತು. ದಮಿಯಾತಿನಲ್ಲಿ ಮರದ ಪುಡಿಗೆ ಸೀನದವರು ಯಾರಿದ್ದಾರೆ? ಊರಿಗೆ ಊರೇ ಕುರ್ಚಿ ಮಂಚ ಮಾಡಿ ಬದುಕುವ ಜನ. ಆದರೆ ಒಂಟಿ ಕಾಲಿನಲ್ಲಿ ನಿಂತು, ನಡು ಬಗ್ಗಿಸಿ, ಕಾಲುಚೀಲವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದುಕೊಂಡು ಯಾರೂ ಸೀನುವುದಿಲ್ಲ. ಫಿಕ್ರಿ ಸೀನಿದ. ಬೆನ್ನಿನ ಬುಡದಲ್ಲಿ ಎಲ್ಲೋ 'ಟಕ್' ಎಂದಿತು.

ಅವನು ಬಗ್ಗಿದವನು ಬಗ್ಗಿದಂತೆಯೇ ಉಳಿದ.

ಬೇಳೆಯ ಪಾತ್ರೆ ಹಿಡಿದು ಅಡುಗೆಮನೆಯಿಂದ ಬಂದ ಹೆಂಡತಿ ಇನ್ಶಿರಾ ಗಂಡನ ಭಂಗಿ ನೋಡಿ ನಿಂತಳು.

"ಏನ್ರೀ ಹುಡುಕ್ತಿದೀರಿ?"

"ಏನೂ ಇಲ್ಲ."

"ಮತ್ತೆ ಏಳಿ. ಬೇಳೆ ಆರಿಹೋಗುತ್ತೆ."

"ಏಳೋಕ್ಕಾಗ್ತಿಲ್ಲ ಕಣೇ. ಸೊಂಟ ಹಿಡ್ಕೊಂಡಿದೆ."

ಇನ್ಶಿರಾ ಪಾತ್ರೆ ಕೆಳಗಿಟ್ಟಳು. ಅವಳ ಮುಖದ ಮೇಲೆ ಮೊದಲು ಕಳವಳ ಬಂತು, ಅದರ ಬೆನ್ನಿಗೇ ನಗು ಬಂತು, ಕೊನೆಗೆ ಎರಡೂ ಒಟ್ಟಿಗೆ ನಿಂತವು.

"ನಿಮ್ಮ ಸೊಂಟವಾ? ಗೋಡೆ ಮೇಲಿರೋ ಸೊಂಟವಾ?"

ನಗುವುದಕ್ಕೆ ಕಾರಣವಿತ್ತು. ಫಿಕ್ರಿ ಊರಿನ ಸರಕಾರಿ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಗುಮಾಸ್ತ. ಆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಂದು ಕಾಯಿಲೆ ಅಂಟಿಕೊಂಡಿತ್ತು. ಅದೇ ಸೊಂಟ ನೋವು. ಬೀರು ಎತ್ತಿದವನು ಬರುತ್ತಿದ್ದ, ಮಂಚ ಸರಿಸಿದವನು ಬರುತ್ತಿದ್ದ, ಬೇರೆಯವರು ಮಂಚ ಸರಿಸುವುದನ್ನು ನೋಡಿದವನೂ ಬರುತ್ತಿದ್ದ. ಬಂದವರೆಲ್ಲ ಎಕ್ಸ್-ರೇ ಬೇಕು, ಇಂಜೆಕ್ಷನ್ ಬೇಕು, ಹಾಸಿಗೆ ಬೇಕು ಎಂದು ಹಟ ಹಿಡಿಯುತ್ತಿದ್ದರು. ಹೋದ ಚಳಿಗಾಲದಲ್ಲಿ ಬದವಿ ಮೇಸ್ತ್ರಿಯ ಅಣ್ಣ ಎದೆ ಹಿಡಿದುಕೊಂಡು ಬಂದಾಗ ಒಂಬತ್ತು ಹಾಸಿಗೆಯಲ್ಲೂ ಸೊಂಟದವರೇ ಮಲಗಿದ್ದರು. ಪುಣ್ಯಕ್ಕೆ ಮುದುಕ ಉಳಿದ. ಅದನ್ನು ಕಣ್ಣಾರೆ ಕಂಡ ತುರ್ತು ವಿಭಾಗದ ಮುಖ್ಯಸ್ಥೆ ಡಾಕ್ಟರ್ ರಬಾಬ್ ಅವತ್ತೇ ಒಂದು ಉಪಾಯ ಹೂಡಿದಳು. ಯಾರನ್ನೂ ಬೈಯುವುದಿಲ್ಲ, ಯಾರನ್ನೂ ಹಿಂದಕ್ಕೆ ಕಳಿಸುವುದಿಲ್ಲ. ಸುಮ್ಮನೆ, ಕುರಿಯನ್ನು ಹಟ್ಟಿಯ ಕಡೆ ತಿರುಗಿಸುವ ಹಾಗೆ, ಜನರನ್ನು ಮೆಲ್ಲಗೆ ತಿರುಗಿಸುವುದು.

ಎಕ್ಸ್-ರೇ ಬರೆಯಬೇಕಾದರೆ ಡಾಕ್ಟರು 'ಯಾಕೆ ಬೇಕು' ಎಂದು ಮೂರು ಸಾಲು ತುಂಬಬೇಕು. ಡಾಕ್ಟರುಗಳ ಅಕ್ಷರಕ್ಕೆ ಒಂದು ಸಾಲು ಬರೆಯುವುದೇ ಪ್ರಾಣಸಂಕಟ. ಅರ್ಧಕ್ಕರ್ಧ ಎಕ್ಸ್-ರೇ ಅಲ್ಲೇ ನಿಂತುಹೋಯಿತು. ಯಾವ ಡಾಕ್ಟರು ಎಷ್ಟು ಬರೆದರು ಎಂಬ ಪಟ್ಟಿ ಅವರು ಚಹಾ ಕುಡಿಯುವ ಕೋಣೆಯ ಗೋಡೆಗೇರಿತು. ನೋವಿನ ಗಟ್ಟಿ ಇಂಜೆಕ್ಷನ್ನುಗಳ ಕಪಾಟು ಲಿಫ್ಟಿಲ್ಲದ ಮೂರನೆಯ ಮಹಡಿಗೆ ಹೋಯಿತು. ನೆಲದ ಮೇಲೆ ಹಸಿರು ಬಣ್ಣದ ಹೆಜ್ಜೆಗಳು ಮೂಡಿದವು. ಅವು ಬಾಗಿಲಿಂದ ಹೊರಟು, ಎಕ್ಸ್-ರೇ ಕೋಣೆಯನ್ನು ಕಂಡೂ ಕಾಣದಂತೆ ದಾಟಿ, ಅಂಗಳದ ಹಿಪ್ಪುನೇರಳೆ ಮರ ಸುತ್ತಿ, ವ್ಯಾಯಾಮದ ಕೋಣೆಗೆ ಬಂದು ಸೇರುತ್ತಿದ್ದವು. ಸೊಂಟದವರು ಆ ಹೆಜ್ಜೆಯ ಮೇಲೆ ನಡೆಯಬೇಕು. ನಡೆದವರು ಬಹುಪಾಲು ಮನೆಗೇ ನಡೆಯುತ್ತಿದ್ದರು.

ಇದೆಲ್ಲದರ ಮೇಲೆ ಬಾಗಿಲ ಎದುರಿಗೆ ಆಳೆತ್ತರದ ಒಂದು ಪೋಸ್ಟರ್. ಅದರಲ್ಲಿ ಕಂಕುಳಲ್ಲಿ ರೊಟ್ಟಿಯ ಕಟ್ಟು ಸಿಕ್ಕಿಸಿಕೊಂಡು, ಹಲ್ಲು ಕಿರಿದು, ದಾಪುಗಾಲು ಹಾಕುತ್ತಿರುವ ಫಿಕ್ರಿ. ಕೆಳಗೆ ದಪ್ಪಕ್ಷರದಲ್ಲಿ: 'ನನ್ನ ಸೊಂಟವೂ ಹಿಡಿದಿತ್ತು. ನಡೆದೆ. ಬಿಟ್ಟಿತು.'

ಫೋಟೋ ತೆಗೆದ ದಿನ ಫಿಕ್ರಿ ಆಸ್ಪತ್ರೆಯ ನಿರ್ದೇಶಕರ ಹತ್ತಿರ ಹೋಗಿ, "ಸಾರ್, ನನಗೆ ಸೊಂಟ ನೋವು ಬಂದೇ ಇಲ್ವಲ್ಲ," ಎಂದಿದ್ದ.

"ಬಂದಾಗ ನಡೀತೀರಿ ತಾನೇ?"

"ನಡೀತೀನಿ."

"ಮತ್ತಿನ್ನೇನು? ಅದನ್ನೇ ಸ್ವಲ್ಪ ಮುಂಚಿತವಾಗಿ ಬರೆದಿದೀವಿ. ಡಾಕ್ಟರ್ ರಬಾಬ್‌ಗೆ ಹೇಳ್ಬೇಡಿ, ಅವರಿಗೆ ಇಂಥ ಸಣ್ಣ ವಿಷಯ ದೊಡ್ಡದಾಗಿ ಕಾಣುತ್ತೆ."

ಈಗ ಅದು ಬಂದಿತ್ತು. ಬಂದದ್ದು ಎಂಥ ದಿನ! ರಬಾಬಳ ಉಪಾಯ ನೋಡುವುದಕ್ಕೆ ಕೈರೋದಿಂದ ಇಲಾಖೆಯ ದೊಡ್ಡ ಅಧಿಕಾರಿ ಬಹ್ಗತ್ ಸಾಹೇಬರು ಅವತ್ತೇ ಹನ್ನೊಂದಕ್ಕೆ ಬರುವವರಿದ್ದರು. ಮೆಚ್ಚಿದರೆ ಉಪಾಯ ಉಳಿಯುತ್ತದೆ, ಫಿಕ್ರಿ ದಾಖಲೆ ಕೋಣೆಯ ಮುಖ್ಯಸ್ಥನಾಗುತ್ತಾನೆ. ಮೆಚ್ಚದಿದ್ದರೆ ರಬಾಬ್ ಮರಳುಗಾಡಿನ ಯಾವುದೋ ಮೂಲೆಗೆ ವರ್ಗ, ಹಾಸಿಗೆಗಳೆಲ್ಲ ಮತ್ತೆ ಸೊಂಟದವರಿಗೆ.

"ಸರಿ, ನಡೀರಿ," ಎಂದಳು ಇನ್ಶಿರಾ. "ನಿಮ್ಮ ಪೋಸ್ಟರಲ್ಲೇ ಬರ್ದಿದೆಯಲ್ಲ."

"ಅದು ಬೇರೆಯವರ ಸೊಂಟಕ್ಕೆ ಕಣೇ! ಇದು ನಂದು!"

ಈ ಕೂಗು ಮೇಲಿನ ಮಹಡಿಗೆ ಕೇಳಿತು. ಮೇಲೆ ಇದ್ದದ್ದು ಉಮ್ ಶೌಕತ್. ಅರವತ್ತೈದರ ಆ ವಿಧವೆ ಬಾಲ್ಕನಿಯಿಂದ ಹಗ್ಗದಲ್ಲಿ ಬುಟ್ಟಿ ಇಳಿಬಿಟ್ಟು ಈರುಳ್ಳಿ ಕೊಳ್ಳುವಾಗಲೂ ಬುಟ್ಟಿಯ ಜೊತೆಗೆ ಒಂದು ಕಿವಿಯನ್ನೂ ಇಳಿಬಿಡುವ ಹೆಂಗಸು. ಎರಡು ನಿಮಿಷದಲ್ಲಿ ಅವಳು ಚಪ್ಪಲಿ ಬಡಿಯುತ್ತ ಒಳಗಿದ್ದಳು.

"ಅಯ್ಯೋ ಮಗಾ ಫಿಕ್ರಿ! ಸೊಂಟವಾ? ನನ್ನ ಮೈದುನನೂ ಹೀಗೇ ಸೊಂಟ ಅಂತ ಅಸಡ್ಡೆ ಮಾಡ್ದ. ನಾಕೇ ದಿನ, ಸತ್ತೇಹೋದ!"

ಫಿಕ್ರಿ ಬಗ್ಗಿದಲ್ಲೇ ಕತ್ತು ಹೊರಳಿಸಿದ. "ಸೊಂಟ ನೋವಿಂದಲಾ?"

"ಇಲ್ಲ, ಲಾರಿ ಗುದ್ದಿತು. ಆದ್ರೆ ಸೊಂಟ ನೋವಿತ್ತಲ್ಲ!"

ಅವಳ ಹಿಂದೆಯೇ ಬದವಿ ಮೇಸ್ತ್ರಿ ಬಂದ. ಕಿವಿಯ ಮೇಲೆ ಪೆನ್ಸಿಲು, ಮೀಸೆಯ ಮೇಲೆ ಮರದ ಪುಡಿ. ಅವನು ಫಿಕ್ರಿಯ ಸುತ್ತ ಒಂದು ಸುತ್ತು ಹಾಕಿ, ಹಳೆಯ ಬೀರುವನ್ನು ನೋಡುವ ಹಾಗೆ ನೋಡಿ, ಬೆನ್ನಿನ ಮೇಲೆ ಬೆರಳ ಗಿಣ್ಣಿನಿಂದ ಎರಡು ಸಲ ತಟ್ಟಿದ.

"ಮರ ಚೆನ್ನಾಗಿದೆ. ಕೀಲು ಬಿಗಿದಿದೆ ಅಷ್ಟೆ."

"ಕೀಲು ಗೀಲು ಬಿಡಿ ಮೇಸ್ತ್ರಿ," ಎಂದಳು ಉಮ್ ಶೌಕತ್. "ಎಮರ್ಜೆನ್ಸಿಗೆ ಕರ್ಕೊಂಡ್ಹೋಗೋಣ. ಬೆನ್ನಿನ ಫೋಟೋ ತೆಗೆಸೋಣ, ಒಂದು ಇಂಜೆಕ್ಷನ್ ಹಾಕಿಸೋಣ."

"ಎಮರ್ಜೆನ್ಸಿ ಬೇಡ!" ಫಿಕ್ರಿ ನೆಲವನ್ನು ನೋಡುತ್ತಲೇ ಅರಚಿದ. "ಅಲ್ಲಿ ಬಾಗ್ಲಲ್ಲೇ ನಾನು ನಗ್ತಾ ನಿಂತಿದೀನಿ! ಇವತ್ತು ಸಾಹೇಬ್ರು ಬರ್ತಾರೆ! ಮೇಸ್ತ್ರಿ, ನನ್ನ ಹಿಂದಿನ ಗೇಟಿಗೆ ಬಿಡಿ ಸಾಕು. ದಾಖಲೆ ಕೋಣೇಲಿ ಕೂತ್ಕೊಂಡ್ಬಿಟ್ರೆ ಸಂಜೆವರೆಗೂ ಯಾರಿಗೂ ಗೊತ್ತಾಗಲ್ಲ. ಗುಮಾಸ್ತರೆಲ್ಲ ಬಗ್ಗಿಕೊಂಡೇ ಇರ್ತಾರೆ."

ಮಾತು ನ್ಯಾಯವಾಗಿತ್ತು. ಆದರೆ ಬಗ್ಗಿದವನನ್ನು ಸಾಗಿಸುವುದು ಹೇಗೆ? ಆಟೋದೊಳಗೆ ತೂರಿಸಲು ನೋಡಿದರು. ತಲೆ ಹೋದರೆ ಬೆನ್ನು ಹೋಗಲಿಲ್ಲ, ಬೆನ್ನು ಹೋದರೆ ಚಾಲಕ ಹೊರಗೆ ಬಿದ್ದ. ಕೊನೆಗೆ ಮೇಸ್ತ್ರಿ ತನ್ನ ಮೂರು ಚಕ್ರದ ಸಾಮಾನು ಗಾಡಿ ತಂದ. ಅದರಲ್ಲಿ ಯಾವುದೋ ಮದುಮಗಳ ಮನೆಗೆ ಹೊರಟಿದ್ದ, ಬಾಗಿದ ಕಾಲಿನ, ಹೊಂಬಣ್ಣದ ಆರು ಕುರ್ಚಿಗಳಿದ್ದವು. ಅವುಗಳ ನಡುವೆ ಫಿಕ್ರಿಯನ್ನು ನಿಲ್ಲಿಸಿ, ಗೀರು ಬೀಳದಿರಲಿ ಎಂದು ಕಂದು ಕಂಬಳಿ ಹೊದಿಸಿ, ಹಗ್ಗ ಬಿಗಿದರು. ಫಿಕ್ರಿಗೆ ಗೀರು ಬಿದ್ದೀತೆಂದಲ್ಲ, ಕುರ್ಚಿಗೆ. ಇನ್ಶಿರಾ ಹತ್ತಲು ಬಂದಾಗ ಉಳಿದ ಒಂದೇ ಜಾಗದಲ್ಲಿ ಉಮ್ ಶೌಕತ್ ಆಗಲೇ ಕೂತಾಗಿತ್ತು.

"ರೀ, ಒಂದು ಕಾಲುಚೀಲ ಬಿಟ್ಟೋಗ್ತಿದೀರಿ!" ಎಂದು ಇನ್ಶಿರಾ ಕೂಗುವಷ್ಟರಲ್ಲಿ ಗಾಡಿ ಹೊರಟಿತು.

ಸೇತುವೆಯ ಮೇಲೆ ವಾಹನಗಳು ನಿಂತವು. ಪಕ್ಕದ ಕಾರಿನಿಂದ ದಪ್ಪನೆಯ ಮನುಷ್ಯನೊಬ್ಬ ತಲೆ ಹೊರಹಾಕಿದ.

"ಏನ್ ಮೇಸ್ತ್ರಿ, ಕುರ್ಚಿ ಭರ್ಜರಿಯಾಗಿದೆ. ಮಗಳ ಮದುವೆಗೆ ನನಗೂ ಬೇಕು. ಆ ಕಂಬಳಿ ಅಡೀಲಿ ಇರೋದು ಟೀಪಾಯಾ?"

ಕೇಳಿದ್ದಷ್ಟೇ ಅಲ್ಲ, ಕೈ ಚಾಚಿ ಒತ್ತಿಯೂ ನೋಡಿದ. "ಮೆತ್ತಗಿದೆ!"

ಕಂಬಳಿಯೊಳಗಿಂದ "ಹಾ!" ಎಂದಿತು.

"ಅದು ಮಾರೋಕಿಲ್ಲ ಅಣ್ಣ," ಎಂದ ಬದವಿ ಗಂಭೀರವಾಗಿ. "ರಿಪೇರಿಗೆ ಹೋಗ್ತಿದೆ."

ಹಿಂದಿನ ಗೇಟಿಗೆ ಹೋಗಬೇಕಾದ ಗಾಡಿ ಮುಂದಿನ ಗೇಟಿಗೆ ಹೋದದ್ದು ಹೇಗೆಂದು ಬೇರೆ ಹೇಳಬೇಕಾಗಿಲ್ಲ. ಚಕ್ರ ಮೇಸ್ತ್ರಿಯದು, ನಾಲಿಗೆ ಉಮ್ ಶೌಕತಳದು. ದಾರಿಯುದ್ದಕ್ಕೂ ಅವಳು ಮೈದುನನ ಕತೆ ಎರಡು ಸಲ ಹೇಳಿದಳು; ಎರಡನೆಯ ಸಲಕ್ಕೆ ಲಾರಿಯೇ ಮಾಯವಾಗಿ, ಅವನು ನೇರವಾಗಿ ಸೊಂಟದಿಂದಲೇ ಸತ್ತಿದ್ದ. ಬದವಿ ಹೆದರಿ ಗಾಡಿಯನ್ನು ತುರ್ತು ವಿಭಾಗದ ಬಾಗಿಲಿಗೇ ತಂದು ನಿಲ್ಲಿಸಿ, ಹಗ್ಗ ಬಿಚ್ಚಿ, ಫಿಕ್ರಿಯನ್ನು ಕಂಬಳಿ ಸಮೇತ ಎತ್ತಿ ಇಳಿಸಿದ.

ಕಂಬಳಿಯ ಅಂಚಿನಿಂದ ಫಿಕ್ರಿಗೆ ಕಂಡದ್ದು ನೆಲ ಮಾತ್ರ. ನೆಲದ ಮೇಲೆ ಹಸಿರು ಹೆಜ್ಜೆ. ಕಂಬಳಿಯನ್ನು ಗಲ್ಲದ ಕೆಳಗೆ ಎಳೆದು ಬಿಗಿಯಾಗಿ ಹಿಡಿದುಕೊಂಡ.

"ಹೆಸರು?" ಎಂದಳು ನರ್ಸ್ ಸಬ್ರೀನ್. ಅವಳಿಗೂ ಫಿಕ್ರಿಗೂ ಹತ್ತು ವರ್ಷದ ಪರಿಚಯ, ದಿನವೂ ಒಂದೇ ಕೆಟಲಿನ ಚಹಾ.

ಫಿಕ್ರಿ ಗಂಟಲನ್ನು ಕಿರಿದು ಮಾಡಿ, ನೆನಪಿಗೆ ಬಂದ ಮೊದಲ ಹೆಸರು ಹೇಳಿದ: "ಬದವಿ."

"ಬದವಿ ನಾನು!" ಎಂದ ಪಕ್ಕದಲ್ಲಿದ್ದ ಮೇಸ್ತ್ರಿ.

"ಇವನೂ ಬದವಿ," ಎಂದಿತು ಕಂಬಳಿ. "ನಾವು ಅವಳಿ ಜವಳಿ."

ಸಬ್ರೀನ್ ತಲೆ ಎತ್ತದೆ ಬರೆದುಕೊಂಡಳು. ಸಾಹೇಬರು ಬರುವ ದಿನ ಅವಳಿಗೆ ಅವಳಿಗಳ ವಿಚಾರಣೆಗೆ ಪುರಸತ್ತಿರಲಿಲ್ಲ. "ಬಿದ್ರಾ? ಜ್ವರ ಇದ್ಯಾ? ಕಾಲು ಮರಗಟ್ಟಿದ್ಯಾ? ಮೂತ್ರ ಕಟ್ಟಿದ್ಯಾ?"

"ಎಲ್ಲಾ ಇದೆ, ಎಲ್ಲಾ ಬರ್ಕೋ ತಾಯಿ!" ಎಂದಳು ಉಮ್ ಶೌಕತ್.

"ಏನೂ ಇಲ್ಲ," ಎಂದಿತು ಕಂಬಳಿ.

ಸಬ್ರೀನ್ ಅವನ ಮಂಡಿ ತಟ್ಟಿ ನೋಡಿದಳು, ಕಾಲ್ಬೆರಳು ಆಡಿಸಲು ಹೇಳಿದಳು. ಕಾಲುಚೀಲವಿಲ್ಲದ ಎಡಗಾಲಿನ ಐದೂ ಬೆರಳು ಚೆನ್ನಾಗಿ ಕುಣಿದವು. "ಅಪಾಯ ಏನಿಲ್ಲ. ಸ್ನಾಯು ಹಿಡಿದಿದೆ ಅಷ್ಟೆ. ಈ ನೋವಿನ ಮಾತ್ರೆ ನುಂಗಿ, ಹಸಿರು ಹೆಜ್ಜೆ ಮೇಲೆ ನಡೀರಿ."

"ಒಂದು... ಒಂದು ಇಂಜೆಕ್ಷನ್ ಕೊಡಮ್ಮ," ಎಂದ ಫಿಕ್ರಿ. ಬೇಡಿಕೊಳ್ಳುವಾಗ ಅವನಿಗೇ ನಾಚಿಕೆಯಾಯಿತು. ಆದರೆ ನೋವು ನಾಚಿಕೆಗಿಂತ ದೊಡ್ಡದಿತ್ತು.

"ಕೊಡೋಣ. ಮೂರನೇ ಮಹಡೀಲಿದೆ, ಲಿಫ್ಟ್ ಇಲ್ಲ. ಹತ್ತಿ ಬರ್ತೀರಾ?" ಎಂದು ಸಬ್ರೀನ್ ದನಿಯಲ್ಲಿ ಜೇನು ಸುರಿಸಿ, ಪೋಸ್ಟರಿನ ಕಡೆ ಕೈ ತೋರಿಸಿದಳು. "ಅಲ್ನೋಡಿ, ನಮ್ಮ ಫಿಕ್ರಿ. ಕಡ್ಡಿ ಪೈಲ್ವಾನ, ಗುಮಾಸ್ತ. ಅಂಥೋನೇ ನಡೆದು ವಾಸಿ ಮಾಡ್ಕೊಂಡ. ಮರದ ಕೆಲಸ ಮಾಡೋ ಗಟ್ಟಿ ಆಳು ನೀವು, ಅವನಿಗಿಂತ ಕಡಿಮೆನಾ?"

ಬೆಂಚಿನ ಮೇಲೆ ಪಕ್ಕೆ ಒತ್ತಿಕೊಂಡು ಕೂತಿದ್ದ ಗಾದಿ ಹೊಲಿಯುವವನೊಬ್ಬ ಹಲ್ಲು ಕಡಿದ. "ಆ ಹಲ್ಲು ಕಿರಿಯೋನು ಕೈಗೆ ಸಿಗ್ಲಿ ತಾಯಿ! ಮೂರು ಸಲ ಬಂದೆ, ಮೂರು ಸಲವೂ ಅವನ ಮೋರೆ ತೋರ್ಸಿ ನಡೆಸಿದ್ರಿ. ಅವನ ಸೊಂಟ ನಿಜವಾಗಿ ಹೆಂಗೆ ಹಿಡಿಯುತ್ತೆ ಅಂತ ನಾನು ತೋರಿಸ್ತೀನಿ."

ಸಾಲಿನಲ್ಲಿದ್ದವರೆಲ್ಲ ಹೂಂಗುಟ್ಟಿದರು. ಕಂಬಳಿ ಇನ್ನೂ ಎರಡಂಗುಲ ಕೆಳಗಿಳಿಯಿತು. ಅಲ್ಲಿ ನಿಲ್ಲುವುದಕ್ಕಿಂತ ನಡೆಯುವುದೇ ಕ್ಷೇಮ. ಫಿಕ್ರಿ ಮಾತ್ರೆ ನುಂಗಿ, ಮೊದಲ ಹಸಿರು ಹೆಜ್ಜೆಯ ಮೇಲೆ ಕಾಲಿಟ್ಟ.

ಮೊದಲ ಸುತ್ತು ಅವನು ಆಮೆಯ ಹಾಗೆ ಹೋದ. ಪ್ರತಿ ಹೆಜ್ಜೆಗೂ ಒಬ್ಬೊಬ್ಬರನ್ನು ಶಪಿಸಿದ: ಫೋಟೋ ತೆಗೆದವನನ್ನು, ನಿರ್ದೇಶಕರನ್ನು, ಕಾಲುಚೀಲ ನೇಯ್ದವನನ್ನು. ಎಕ್ಸ್-ರೇ ಕೋಣೆಯ ಬಾಗಿಲು ಬಲಕ್ಕೆ ಬಂತು. ಹಸಿರು ಹೆಜ್ಜೆ ಎಡಕ್ಕೆ ಹೊರಳಿತು. ಅವನ ಮನಸ್ಸು ಬಲಕ್ಕೆ ಎಳೆಯಿತು, ಕಾಲು ಮಾತ್ರ ಅಭ್ಯಾಸವಾದ ಎತ್ತಿನಂತೆ ಹಸಿರಿನ ಹಿಂದೆಯೇ ಹೋಯಿತು. ಹಿಪ್ಪುನೇರಳೆ ಮರದ ಬುಡದಲ್ಲಿ ಒಂದು ಫಲಕ: 'ಇಲ್ಲಿವರೆಗೆ ಬಂದಿರಿ, ಶಭಾಷ್! ಇನ್ನು ಇಪ್ಪತ್ತೇ ಹೆಜ್ಜೆ.' ಆ ಸಾಲು ಬರೆದವನೂ ಫಿಕ್ರಿಯೇ. ಬರೆದ ದಿನ ಇಪ್ಪತ್ತು ಹೆಜ್ಜೆ ಎಂದರೆ ಇಷ್ಟು ದೂರವೆಂದು ಅವನಿಗೆ ಗೊತ್ತಿರಲಿಲ್ಲ.

ಎರಡನೆಯ ಸುತ್ತಿನಲ್ಲಿ ಏನೋ ಸಡಿಲವಾಯಿತು. ನೆಲ ಮಾತ್ರ ಕಾಣುತ್ತಿದ್ದವನಿಗೆ ಮರದ ಕಾಂಡ ಕಂಡಿತು. ಮೂರನೆಯದರಲ್ಲಿ ಕೊಂಬೆ, ಕೊಂಬೆಯ ಮೇಲಿನ ಪಾರಿವಾಳ, ಕೊನೆಗೆ ಆಕಾಶವೂ ಕಂಡಿತು. ಫಿಕ್ರಿ ನಿಂತುಬಿಟ್ಟ. ನೋವು ಇತ್ತು, ಆದರೆ ಸಾಲ ಕೊಟ್ಟು ಪರದೇಶಕ್ಕೆ ಹೋದವನ ಹಾಗೆ, ದೂರದಲ್ಲಿ ಎಲ್ಲೋ ಇತ್ತು. ಅವನು ನೆಟ್ಟಗೆ ನಿಂತಿದ್ದ!

'ಅಲ್ಲಾ! ಇದು ನಿಜವಾಗ್ಲೂ ಕೆಲಸ ಮಾಡುತ್ತೆ!' ಎಂದುಕೊಂಡ ಅವನ ಕಣ್ಣಲ್ಲಿ ನೀರು ಬಂತು. ವರ್ಷವಿಡೀ ಗೋಡೆಯ ಮೇಲೆ ನಿಂತು ಹೇಳಿದ ಸುಳ್ಳು ಈ ಗಳಿಗೆಯಲ್ಲಿ ಸತ್ಯವಾಗಿತ್ತು. ಇನ್ನೇನು, ಕಂಬಳಿ ಬಿಸಾಡಿ ಮರದ ಹಿಂದಿನಿಂದ ಜಾರಿ ದಾಖಲೆ ಕೋಣೆಗೆ ಹೋಗಿಬಿಟ್ಟರೆ...

ಅಷ್ಟರಲ್ಲಿ ಹನ್ನೊಂದಾಯಿತು.

ಗೇಟಿನಿಂದ ಬಹ್ಗತ್ ಸಾಹೇಬರು ಬಂದರು. ಹೊಟ್ಟೆ ಮುಂದೆ, ಅವರು ಹಿಂದೆ. ಎಡಬಲಕ್ಕೆ ನಿರ್ದೇಶಕರು ಮತ್ತು ಡಾಕ್ಟರ್ ರಬಾಬ್, ಸುತ್ತ ಕಡತ ಹಿಡಿದ ಐದಾರು ಜನ. ಸ್ವಾಗತದ ಮಶಬ್ಬಕ್ ಸಾಹೇಬರ ಬಾಯಲ್ಲಿ ಇನ್ನೂ ಇತ್ತು. ಪಾಕ ಹೀರಿದ, ಜಿಲೇಬಿಯ ಅಣ್ಣನಂಥ ಆ ಸಿಹಿ ಬಾಯಲ್ಲಿದ್ದಷ್ಟು ಹೊತ್ತು ದಮಿಯಾತಿನಲ್ಲಿ ಯಾರಿಗೂ ಸಿಟ್ಟು ಬರುವುದಿಲ್ಲ. ಸಬ್ರೀನ್ ಓಡಿಬಂದಳು.

"ಡಾಕ್ಟ್ರಮ್ಮ, ಅಲ್ನೋಡಿ! ಒಂದು ಗಂಟೆ ಹಿಂದೆ ಮಡಚೋ ಕುರ್ಚಿ ಹಂಗೆ ಬಂದಿದ್ರು. ಮೂರೇ ಸುತ್ತು!"

ಎಲ್ಲರೂ ಮರದ ಕಡೆ ನೋಡಿದರು. ಕಂಬಳಿ ಹೊದ್ದ ಆಕೃತಿಯೊಂದು ಧ್ವಜಸ್ತಂಭದಂತೆ ನೆಟ್ಟಗೆ ನಿಂತಿತ್ತು.

"ಶಭಾಷ್!" ಎಂದರು ಸಾಹೇಬರು. "ಈ ಪುಣ್ಯಾತ್ಮನ ಮುಖ ನೋಡೋಣ." ಫಿಕ್ರಿ ಮರದ ಹಿಂದೆ ಸರಿಯುವ ಮೊದಲೇ ಅವರು ಬಂದು ಕಂಬಳಿಯ ತುದಿ ಹಿಡಿದು ಎಳೆದರು.

ಅಂಗಳದಿಂದ ತೆರೆದ ಬಾಗಿಲಿನ ಮೂಲಕ ಪೋಸ್ಟರು ನೇರವಾಗಿ ಕಾಣುತ್ತಿತ್ತು. ಸಾಹೇಬರು ಪೋಸ್ಟರನ್ನು ನೋಡಿದರು, ಮನುಷ್ಯನನ್ನು ನೋಡಿದರು, ಮತ್ತೆ ಪೋಸ್ಟರನ್ನು ನೋಡಿದರು. ಅಲ್ಲಿ ನಗು, ಇಲ್ಲಿ ತೆರೆದ ಬಾಯಿ, ಉಳಿದದ್ದೆಲ್ಲ ಒಂದೇ. ಅವರು ಮಶಬ್ಬಕ್ ನುಂಗಿದರು.

"ಇವನೇ ಕಣ್ರೋ ಹಲ್ಲು ಕಿರಿಯೋನು!" ಎಂದು ಬೆಂಚಿನಿಂದ ಗಾದಿಯವನು ಎದ್ದ, ತನ್ನ ಪಕ್ಕೆ ನೋವು ಮರೆತು.

"ಅಂದ್ರೆ," ಎಂದರು ಸಾಹೇಬರು ನಿಧಾನವಾಗಿ, "ನನಗೆ ತೋರ್ಸೋಕೆ ಬಾಡಿಗೆ ರೋಗಿ!"

"ಇಲ್ಲ ಸಾಹೇಬ್ರೇ!" ಫಿಕ್ರಿ ಕೈಮುಗಿದ. "ಇವತ್ತು ನಿಜವಾಗ್ಲೂ ಹಿಡಿದಿತ್ತು!"

"ಹಾಗಾದ್ರೆ ಪೋಸ್ಟರಲ್ಲಿ ಹಿಡಿದಿದ್ದು?"

"ಅದು... ಅವಾಗ ಹಿಡಿದಿರ್ಲಿಲ್ಲ."

ಡಾಕ್ಟರ್ ರಬಾಬ್ ತಿರುಗಿ ನಿರ್ದೇಶಕರನ್ನು ನೋಡಿದಳು. ನಿರ್ದೇಶಕರು ಪಾರಿವಾಳವನ್ನು ನೋಡಿದರು.

"ನಾನೇ ಸಾಕ್ಷಿ!" ಎಂದು ಬದವಿ ಮುಂದೆ ಬಂದ. "ಕುರ್ಚಿ ಜೊತೆ ಹಗ್ಗದಲ್ಲಿ ಬಿಗಿದು ತಂದೋನು ನಾನು. ಕೀಲು ಪೂರ್ತಿ ಬಿಗಿದಿತ್ತು."

"ಬೆಳಿಗ್ಗೆ ಸಾಯೋ ಹಂಗಿದ್ದ ಸಾಮಿ, ನನ್ನ ಮೈದುನನ ಹಾಗೆ!" ಎಂದು ಉಮ್ ಶೌಕತ್ ಸೆರಗಿನಂತೆ ಕಂಬಳಿ ಎತ್ತಿ ಕಣ್ಣೊರೆಸಿಕೊಂಡಳು.

"ಓಹೋ, ಇಡೀ ಮೇಳವೇ ಬಂದಿದೆ," ಎಂದರು ಸಾಹೇಬರು. "ಎಕ್ಸ್-ರೇ ತೆಗೀರಿ ಇವನಿಗೆ! ಯಂತ್ರ ಸುಳ್ಳು ಹೇಳಲ್ಲ."

"ಸಾರ್," ಎಂದಳು ರಬಾಬ್, "ಇಂಥ ನೋವು ಎಕ್ಸ್-ರೇಲಿ ಕಾಣೋದೇ ಇಲ್ಲ. ಇಲ್ಲಿ ನಾವು ವರ್ಷದಿಂದ ಜನಕ್ಕೆ ಹೇಳ್ತಿರೋದೇ ಅದು."

"ತೆಗೀರಿ ಅಂದೆ!"

ಸಬ್ರೀನ್ ನಮೂನೆ ತಂದಳು. 'ಯಾಕೆ ಬೇಕು' ಎಂಬ ಜಾಗದಲ್ಲಿ ಮೂರು ಸಾಲು. ಸಾಹೇಬರು ಪೆನ್ನು ಹಿಡಿದು ಯೋಚಿಸಿದರು, ಬೆವರೊರೆಸಿಕೊಂಡರು, ಒಂದು ಗಳಿಗೆ ಬಿಟ್ಟೇಬಿಡೋಣ ಎನ್ನುವಂತೆಯೂ ಕಂಡರು. ಕೊನೆಗೆ ಮೊದಲ ಸಾಲಿನಲ್ಲಿ 'ನನ್ನ ಅಪ್ಪಣೆ' ಎಂದು ಬರೆದು, ಉಳಿದೆರಡರಲ್ಲಿ 'ಮೇಲಿನಂತೆ', 'ಮೇಲಿನಂತೆ' ಎಂದು ತುಂಬಿದರು.

ಬೆಂಚಿನವರು ಇದನ್ನು ನೋಡಿದರು. "ಅವನಿಗಾದ್ರೆ ನಮಗ್ಯಾಕಿಲ್ಲ?" ಎಂದ ಗಾದಿಯವನು. ಹಸಿರು ಹೆಜ್ಜೆಗಳನ್ನು ಮೆಟ್ಟಿಕೊಂಡು ಇಪ್ಪತ್ತಾರು ಸೊಂಟಗಳು ಎಕ್ಸ್-ರೇ ಕೋಣೆಯ ಬಾಗಿಲಿಗೆ ಹರಿದವು. ಒಬ್ಬರೂ ಕುಂಟಲಿಲ್ಲ.

ಒಳಗೆ ಫಿಕ್ರಿಯನ್ನು ಮಂಜುಗಡ್ಡೆಯಂಥ ಮೇಜಿನ ಮೇಲೆ ಮಲಗಿಸಿದರು. "ಉಸಿರು ಬಿಗಿಹಿಡೀರಿ. ಅಲುಗಾಡ್ಬೇಡಿ." ಅವನು ಅಲುಗಾಡಲಿಲ್ಲ. "ಆಯ್ತು, ಇಳೀರಿ." ಇಳಿಯಲು ಕಾಲು ಕೆಳಗೆ ಚಾಚಿದ. ನೆಲ ಅಂದುಕೊಂಡದ್ದಕ್ಕಿಂತ ಎರಡು ಗೇಣು ಕೆಳಗಿತ್ತು.

'ಟಕ್.'

ಈ ಸಲದ್ದರ ಮುಂದೆ ಬೆಳಗಿನದು ಬರೀ ಮುನ್ನುಡಿ. ಫಿಕ್ರಿಯ ಮೂಗು ಮಂಡಿಯ ಹತ್ತಿರ ಬಂದು ನಿಂತಿತು. ಗೋಡೆ ಹಿಡಿದು, ಅಡಿಗಡಿಗೆ ಬೆವರಿಳಿಸುತ್ತ ಅವನು ಹೊರಗೆ ಬಂದಾಗ ಸಾಹೇಬರು ಅವನ ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಯಂತ್ರದವನು ಪಕ್ಕದಲ್ಲಿ ಹೇಳುತ್ತಿದ್ದ: "ಹುಳುಕಿಲ್ಲ, ಬಿರುಕಿಲ್ಲ ಸಾರ್. ಇಂಥ ಬೆನ್ನುಮೂಳೆ ಪಾಠದ ಪುಸ್ತಕದಲ್ಲೂ ಸಿಗಲ್ಲ."

ಸಾಹೇಬರು ತಿರುಗಿದರು. ಮೂರಾಗಿ ಮಡಿಚಿದ ಫಿಕ್ರಿ ಕಂಡ.

"ಸಾಹೇಬ್ರೇ," ಎಂದು ಅವನು ನೆಲಕ್ಕೆ ಹೇಳಿದ, "ಮತ್ತೆ ಹಿಡಿದಿದೆ. ದೇವರಾಣೆ. ಪ್ರಾಣ ಹೋಗ್ತಿದೆ."

ಈಗ ಸಿಡಿಲು ಬೀಳುತ್ತದೆ ಎಂದು ನಿರ್ದೇಶಕರು ಕಣ್ಣು ಮುಚ್ಚಿದರು. ಸಾಹೇಬರ ಗಲ್ಲ ನಡುಗಿತು. ಅವರ ಕಣ್ಣು ತುಂಬಿ ಬಂತು.

"ಮೂಳೆ ನೆಟ್ಟಗಿದೆ," ಎಂದರು ಗದ್ಗದ ದನಿಯಲ್ಲಿ. "ಆದ್ರೆ ನೋಡ್ರಿ ಆ ಬೆವರು! ಆ ಮೊಣಕಾಲಿನ ನಡುಕ ನೋಡ್ರಿ! ಕಾಲೇಜಲ್ಲಿ ನಾನೂ ನಾಲ್ಕು ವರ್ಷ ಬಣ್ಣ ಹಚ್ಚಿದೋನು, ಒಂದೇ ಒಂದು ಸಲ ಹೀಗೆ ಬೆವರೋಕೆ ನನ್ನಿಂದ ಆಗ್ಲಿಲ್ಲ. ಏನು ಅಭಿನಯ! ಏನು ತಾದಾತ್ಮ್ಯ! ಒಂದೇ ಕಾಲುಚೀಲ! ಈ ಸೂಕ್ಷ್ಮ ಯಾರಿಗೆ ಹೊಳೆಯುತ್ತೆ?"

"ಅಭಿನಯ ಅಲ್ಲ ಸಾಹೇಬ್ರೇ! ಅಯ್ಯೋ! ಅಮ್ಮಾ!"

ಸಾಹೇಬರು ಚಪ್ಪಾಳೆ ತಟ್ಟಿದರು. ಕಡತದವರೂ ತಟ್ಟಿದರು. ನಿರ್ದೇಶಕರು ಕಣ್ಣು ತೆರೆದು, ಎಲ್ಲರಿಗಿಂತ ಜೋರಾಗಿ ತಟ್ಟಿದರು.

"ಡಾಕ್ಟರ್ ರಬಾಬ್," ಎಂದರು ಸಾಹೇಬರು, "ನಿಮ್ಮ ಹೆಜ್ಜೆ, ಪಟ್ಟಿ, ಮೂರು ಸಾಲು, ಎಲ್ಲಾ ಇರ್ಲಿ. ಮುಂದುವರಿಸಿ. ಆದ್ರೆ ಪೋಸ್ಟರ್ ನೋಡಿ ಯಾರು ನಂಬ್ತಾರೆ? ಜನರ ಕಣ್ಣೆದುರಿಗೇ ಬಗ್ಗಬೇಕು, ಕಣ್ಣೆದುರಿಗೇ ನೆಟ್ಟಗಾಗಬೇಕು! ಈ ಮನುಷ್ಯನನ್ನ ದಾಖಲೆ ಕೋಣೇಲಿ ಕೂರಿಸಿ ಹಾಳು ಮಾಡ್ತಿದೀರಿ. ಬರ್ಕೊಳ್ರೀ ಆದೇಶ. ಇಪ್ಪತ್ತೇಳು ಪ್ರಾಂತ್ಯ, ಎಲ್ಲಾ ಜಿಲ್ಲಾ ಆಸ್ಪತ್ರೆ. ದಿನಕ್ಕೆರಡು ಪ್ರದರ್ಶನ. ನಾಳೆ ಬೆಳಿಗ್ಗೆ ಅಸ್ವಾನ್‌ನಿಂದ ಶುರು."

"ಅಸ್ವಾನ್‌ಗೆ... ಹೇಗೆ ಹೋಗೋದು ಸಾರ್?" ಎಂದ ಫಿಕ್ರಿ ಕ್ಷೀಣವಾಗಿ.

"ಇಲಾಖೆ ಬಸ್ಸಿದೆ. ಸೀಟು ಮರದ್ದು, ಗಟ್ಟಿಮುಟ್ಟು. ಇವತ್ತು ಮಧ್ಯಾಹ್ನ ಹತ್ತಿದ್ರೆ ಸಾಕು, ಹದಿನಾರು ಗಂಟೆ."

ಗುಮಾಸ್ತನೊಬ್ಬ ಅಲ್ಲೇ ಆದೇಶ ಬರೆದು ಓದಿದ. ಹುದ್ದೆ: ಸಂಚಾರಿ ಸೊಂಟ ಪ್ರಾತ್ಯಕ್ಷಿಕೆ ಅಧಿಕಾರಿ. ಷರತ್ತು: ಸದರಿ ಅಧಿಕಾರಿಯ ಸೊಂಟ ಯಾವಾಗಲೂ ಆರೋಗ್ಯವಾಗಿರತಕ್ಕದ್ದು, ಸಾಕ್ಷ್ಯಕ್ಕೆ ಎಕ್ಸ್-ರೇ ಲಗತ್ತಿಸಿದೆ. ನಿಜವಾದ ಸೊಂಟ ನೋವು ಕಂಡುಬಂದಲ್ಲಿ ಇಲಾಖೆಗೆ ವಂಚಿಸಿದ್ದಾರೆಂದು ಕ್ರಮ ಜರುಗಿಸಲಾಗುವುದು.

ರಬಾಬ್ ಮೆಲ್ಲಗೆ ಫಿಕ್ರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಅವನ ಮುಖ ನೋಡಬೇಕಾದರೆ ಬೇರೆ ದಾರಿ ಇರಲಿಲ್ಲ.

"ಡಾಕ್ಟ್ರಮ್ಮ," ಎಂದು ಅವನು ಪಿಸುಗುಟ್ಟಿದ, "ನೀವಾದ್ರೂ ನಂಬಿ."

"ನಂಬ್ತೀನಿ ಫಿಕ್ರಿ ಅವರೇ. ನನಗೊಬ್ಬಳಿಗೇ ಗೊತ್ತು," ಎಂದಳು ಅವಳು. ಅವಳ ದನಿಯಲ್ಲಿ ಕರುಣೆಯೂ ಇತ್ತು, ತುಟಿ ಕಚ್ಚಿ ತಡೆದ ನಗುವೂ ಇತ್ತು. "ನಾನು ಬಾಯಿಬಿಟ್ರೆ ಹಾಸಿಗೆಗಳೆಲ್ಲ ಮತ್ತೆ ಸೊಂಟದವರಿಗೆ ಹೋಗುತ್ತೆ. ಬಸ್ಸು ನಿಂತಲ್ಲೆಲ್ಲ ಇಳಿದು ನಡೀರಿ. ಬೇರೆ ಔಷಧ ನನಗೂ ಗೊತ್ತಿಲ್ಲ."

ಗುಮಾಸ್ತ ಕಾಗದ ತಂದ. ಮೇಜು ಬೇಕಾಗಲಿಲ್ಲ, ಬದವಿ ಮೇಸ್ತ್ರಿ ಹೊಂಬಣ್ಣದ ಕುರ್ಚಿಯೊಂದನ್ನು ತಂದು ಫಿಕ್ರಿಯ ಮೂಗಿನ ಕೆಳಗೆ ಸರಿಯಾಗಿ ಇಟ್ಟ, ಅದರ ಮೇಲೆ ಆದೇಶ ಹರಡಿದ. ಫಿಕ್ರಿ ಸಹಿ ಹಾಕಿದ. ಪೆನ್ನು ಕೊಟ್ಟ. ಏಳಲಿಲ್ಲ.

ಬಹ್ಗತ್ ಸಾಹೇಬರು ಒಂದು ಗಳಿಗೆ ಕಾದರು, ಎರಡು ಗಳಿಗೆ ಕಾದರು. ಆಮೇಲೆ ತಮ್ಮವರ ಕಡೆ ತಿರುಗಿ, ಕಣ್ಣೊರೆಸಿಕೊಳ್ಳುತ್ತ ಹೇಳಿದರು:

"ನೋಡಿ ಕಲೀರಿ. ಇಷ್ಟು ದೊಡ್ಡ ಬಡ್ತಿ ಸಿಕ್ಕಿದೆ, ಆದ್ರೂ ಎಷ್ಟು ವಿನಯ. ತಲೆ ಎತ್ತುತ್ತಲೇ ಇಲ್ಲ!"